ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಸ್ಕೂಟರ್ ಪೆನ್ನು ಪೆನ್ಸಿಲ್ ಆಗಿಬಿಟ್ಟಿತು! ಎರಡು ಸ್ಟೇಷನರಿಗಳ ಗೊಂದಲ

ಸ್ಕೂಟರ್ ಸವಾರ
ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ಮರ್ಯಾದೆ ಹೋದ ಕಥೆ ಹೇಳುತ್ತೇನೆ, ಆಮೇಲೆ ಪ್ರಶ್ನೆ. ಹೋದ ವಾರ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಒಂದು ಗೂಡ್ಸ್ ಆಟೋ ಬಂದು ನನ್ನ ಸ್ಕೂಟರ್‌ಗೆ ಗುದ್ದಿತು. ನನಗೆ ಏನೂ ಆಗಲಿಲ್ಲ, ಹಿಂದಿನ ಲೈಟು ಮತ್ತು ಮಡ್‌ಗಾರ್ಡ್ ಹೋಯಿತು. ಇನ್ಶೂರೆನ್ಸ್ ಫಾರಂನಲ್ಲಿ ಅಪಘಾತ ಹೇಗಾಯಿತು ಅಂತ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ನನ್ನ ಗಾಡಿ ಓಡುತ್ತಿರಲಿಲ್ಲ, ಸುಮ್ನೆ ನಿಂತಿತ್ತು ಅನ್ನೋದು ಮುಖ್ಯ ಅಲ್ವಾ, ಅದಕ್ಕೆ ‘ಮೈ ವೆಹಿಕಲ್ ವಾಸ್ ಸ್ಟೇಷನರಿ’ ಅಂತ ಬರೆದೆ. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಓದಿ, ನಗು ತಡೆದುಕೊಂಡು, ‘ಸರ್, ನಿಮ್ಮ ಗಾಡಿ ಪೆನ್ನು ಪೆನ್ಸಿಲ್ಲಾ?’ ಅಂತ ಕೇಳಿದಳು. ಹಿಂದೆ ಕ್ಯೂನಲ್ಲಿದ್ದವರೂ ನಕ್ಕರು. ನನಗೆ ಮಾತ್ರ ಏನು ತಪ್ಪು ಅಂತಲೇ ಗೊತ್ತಾಗಲಿಲ್ಲ.

ಮನೆಗೆ ಬಂದು ನೋಡಿದರೆ ಕೊನೆಯಿಂದ ಮೂರನೇ ಅಕ್ಷರ ಒಂದೇ ಬೇರೆ. ಒಂದರಲ್ಲಿ ಎ, ಇನ್ನೊಂದರಲ್ಲಿ ಇ. ಬಾಯಲ್ಲಿ ಹೇಳಿದರೆ ಎರಡೂ ಒಂದೇ, ಕನ್ನಡದಲ್ಲಿ ಬರೆದರೂ ಒಂದೇ. ಸ್ಪೆಲ್ ಚೆಕ್ ಕೂಡ ಕೆಂಪು ಗೆರೆ ಹಾಕುವುದಿಲ್ಲ, ಯಾಕಂದ್ರೆ ಎರಡೂ ಸರಿಯಾದ ಪದಗಳೇ. ಹಾಗಾದರೆ ಇದನ್ನು ನೆನಪಿಟ್ಟುಕೊಳ್ಳೋದು ಹೇಗೆ? ಮತ್ತೆ ನಿಂತಿರೋ ಗಾಡಿಗೂ ಪೆನ್ನು ಕಾಗದಕ್ಕೂ ಒಂದೇ ಥರದ ಪದ ಯಾಕೆ ಬಂತು? ತಿಳಿದವರು ಹೇಳಿ.

ಕೋಡ್ ಕುಟ್ಟುವವ
ಗುರು, ಇಷ್ಟೇ. ಎ ಇದ್ದರೆ ನಿಂತಿದ್ದು. ಇ ಇದ್ದರೆ ಪೆನ್ನು, ಕಾಗದ, ಕವರ್. ಎನ್ವಲಪ್‌ನ ಇ ಅಂತ ನೆನಪಿಟ್ಟುಕೋ. ನಿಂತ ಆಟೋದ ಎ. ಮುಗೀತು.

ಮಲ್ಲಿಗೆ ಬಳ್ಳಿ
ಇದೇ ಉಪಾಯ ನನ್ನ ಮಗಳಿಗೆ ಹೇಳಿಕೊಟ್ಟು ಸೋತಿದ್ದೇನೆ. ಅವಳು ಕನ್ನಡ ಮೀಡಿಯಂ, ನಾಲ್ಕನೇ ಕ್ಲಾಸು. ‘ಅಮ್ಮಾ, ಎನ್ವಲಪ್ ಎ ಇಂದ ತಾನೇ ಶುರು ಆಗೋದು, ಹಾಗಾದ್ರೆ ಕಾಗದಕ್ಕೆ ಎ ಅಲ್ವಾ?’ ಅಂದಳು. ಬರೆದು ನೋಡಿ, ಎನ್ವಲಪ್ ಅಂತ ಕನ್ನಡದಲ್ಲಿ ಬರೆದರೆ ಮೊದಲ ಅಕ್ಷರ ಎ ನೇ! ಆಟೋ ಬರೆದರೆ ಆ. ನಮ್ಮ ಎ ಬೇರೆ, ಎಬಿಸಿಡಿಯ ಎ ಬೇರೆ ಅಂತ ಮಗುವಿಗೆ ಹೇಳಲು ಹೋಗಿ ನನಗೇ ತಲೆ ಕೆಟ್ಟುಹೋಯಿತು. ಇಂಗ್ಲಿಷಿನವರು ಮಾಡಿದ ಉಪಾಯ ಇಂಗ್ಲಿಷಿನಲ್ಲಿ ಯೋಚನೆ ಮಾಡುವವರಿಗೆ ಸರಿ. ನಮಗೆ ಬೇರೆ ಏನಾದರೂ ಇದೆಯಾ?

ಕೋಡ್ ಕುಟ್ಟುವವ
ಹ್ಹಹ್ಹ, ಮಗಳು ಹೇಳಿದ್ದು ಸರಿ ಮೇಡಂ. ಇದನ್ನು ನಾನು ಯೋಚನೆಯೇ ಮಾಡಿರಲಿಲ್ಲ.

ನಿವೃತ್ತ ಮೇಷ್ಟ್ರು
ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಎನ್ವಲಪ್ಪು ಗಿನ್ವಲಪ್ಪು ಎಲ್ಲ ಬಿಡಿ. ಬೇಕರಿ ಸ್ಪೆಲ್ಲಿಂಗ್ ನಿಮಗೆ ಗೊತ್ತಲ್ವಾ? ಊರೂರಲ್ಲೂ ಅಯ್ಯಂಗಾರ್ ಬೇಕರಿ ಇದೆ, ಬೋರ್ಡ್ ನೋಡಿ ನೋಡಿ ಎಲ್ಲರಿಗೂ ಬಾಯಿಪಾಠ ಆಗಿರುತ್ತದೆ. ಬೇಕರ್ ಅಂದರೆ ಬ್ರೆಡ್ ಮಾಡುವವನು. ಅದರ ಮುಂದೆ ಒಂದು ವೈ ಹಾಕಿದರೆ ಬೇಕರಿ. ಗ್ರೋಸರ್ ಮುಂದೆ ವೈ ಹಾಕಿದರೆ ಗ್ರೋಸರಿ. ಜ್ಯುವೆಲರ್ ಮುಂದೆ ವೈ ಹಾಕಿದರೆ ಜ್ಯುವೆಲರಿ. ಹಾಗೆಯೇ ಸ್ಟೇಷನರ್ ಅಂತ ಒಬ್ಬ ವ್ಯಾಪಾರಿ ಇದ್ದಾನೆ, ಕಾಗದ ಮಸಿ ಮಾರುವವನು. ಅವನ ಮುಂದೆ ವೈ ಹಾಕಿ, ಸ್ಟೇಷನರಿ ಆಯಿತು. ವ್ಯಾಪಾರಿಯ ಹೆಸರು ಇ-ಆರ್ ಅಂತ ಮುಗಿಯುತ್ತದೆ, ಅದಕ್ಕೇ ಸರಕಿನ ಹೆಸರಿನಲ್ಲೂ ಇ ಉಳಿದಿದೆ. ಇದು ನೆನಪಿಟ್ಟುಕೊಳ್ಳುವ ಆಟ ಅಲ್ಲ, ಪದ ಹುಟ್ಟಿದ್ದೇ ಹೀಗೆ.

ಮೇಡಂ, ಮಗುವಿಗೆ ಪೇಟೆ ಬೀದಿಯಲ್ಲಿ ಬೋರ್ಡ್ ಓದಿಸಿಕೊಂಡು ಬನ್ನಿ. ಬೇಕರಿಯಿಂದ ಶುರು ಮಾಡಿ, ಒಂದು ಬನ್ನು ಕೊಡಿಸಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಕೋಡ್ ಕುಟ್ಟುವವ
ಸರ್ ಒಂದು ಡೌಟು. ಲೈಬ್ರರಿ, ಡಿಕ್ಷನರಿ, ಸ್ಯಾಲರಿ ಇವೆಲ್ಲ ವಸ್ತುಗಳೇ ತಾನೇ, ಆದರೆ ಅಲ್ಲೆಲ್ಲ ಎ ಇದೆಯಲ್ಲ. ವಸ್ತು ಆದರೆ ಇ, ಗುಣ ಆದರೆ ಎ ಅನ್ನೋ ಲೆಕ್ಕ ಸರಿ ಬರಲ್ಲ.

ನಿವೃತ್ತ ಮೇಷ್ಟ್ರು
ವಸ್ತುವಾದರೆ ಇ ಅಂತ ನಾನು ಎಲ್ಲಿ ಹೇಳಿದೆನಪ್ಪಾ? ಕೊನೆಯ ವೈ ತೆಗೆದು ನೋಡು, ಅಲ್ಲಿ ಒಬ್ಬ ಕಸುಬಿನವನು ಸಿಗುತ್ತಾನಾ ಅಂತ. ಬೇಕರಿಯಲ್ಲಿ ವೈ ತೆಗೆದರೆ ಬೇಕರ್ ಸಿಕ್ಕಿದ. ಲೈಬ್ರರಿಯಲ್ಲಿ ವೈ ತೆಗೆದರೆ ಏನು ಸಿಗುತ್ತದೆ? ಲೈಬ್ರರ್ ಅಂತ ಯಾರೂ ಇಲ್ಲ. ಡಿಕ್ಷನರ್ ಇಲ್ಲ, ಸ್ಯಾಲರ್ ಅಂತೂ ಇಲ್ಲವೇ ಇಲ್ಲ. ಆದ್ದರಿಂದ ಅಲ್ಲಿ ಎ. ಇದೇ ಪರೀಕ್ಷೆ ಇನ್ನೊಂದು ಪದಕ್ಕೂ ಮಾಡಬಹುದು, ಕನ್ಫೆಕ್ಷನರಿ. ಸಿಹಿ ತಿಂಡಿ ಮಾಡುವವನು ಕನ್ಫೆಕ್ಷನರ್, ಅದಕ್ಕೇ ಅಲ್ಲಿಯೂ ಇ. ಆದರೆ ಬೇಕರಿ ಬೋರ್ಡುಗಳಲ್ಲಿ ಬೇಕರಿ ಸರಿಯಾಗಿರುತ್ತದೆ, ಪಕ್ಕದ ಕನ್ಫೆಕ್ಷನರಿಯಲ್ಲಿ ಎ ಕೂತಿರುತ್ತದೆ. ಕೆಂಪು ಪೆನ್ನು ಹಿಡಿದು ಅಭ್ಯಾಸ, ಬೋರ್ಡ್ ಕಂಡರೆ ಕೈ ತುರಿಸುತ್ತದೆ.

ಇನ್ನು ನಿಂತದ್ದು ಅನ್ನುವ ಅರ್ಥದ ಪದದಲ್ಲಿ ವೈ ತೆಗೆದರೂ ಯಾರೂ ಸಿಗುವುದಿಲ್ಲ. ಅದು ಪ್ರೈಮರಿ, ಸೆಕೆಂಡರಿ, ಟೆಂಪರರಿ ಇವುಗಳ ಸಾಲಿಗೆ ಸೇರಿದ್ದು. ಎಲ್ಲದರಲ್ಲೂ ಎ.

ಅಂಗಡಿ ಅಣ್ಣ
ಎಲ್ಲರೂ ಸೇರಿ ನನ್ನ ಹೊಟ್ಟೆಗೆ ಕಲ್ಲು ಹಾಕಿದಿರಿ. ನನ್ನದು ತಾಲ್ಲೂಕು ಕೇಂದ್ರದಲ್ಲಿ ಸ್ಕೂಲ್ ಎದುರಿಗೆ ಅಂಗಡಿ. ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು, ಗ್ರಾಫ್ ಶೀಟು, ಜೆರಾಕ್ಸು, ಚಾರ್ಟು, ಬೈಂಡ್ ಶೀಟು ಎಲ್ಲ ಸಿಗುತ್ತೆ. ಈಗ ಎದ್ದು ಹೋಗಿ ಬೋರ್ಡ್ ನೋಡಿಕೊಂಡು ಬಂದೆ. ಎ ಇದೆ. ಕೊನೆಗೆ ಒಂದು ಎಸ್ ಬೇರೆ ಇದೆ, ‘ಬುಕ್ಸ್ ಅಂಡ್ ಸ್ಟೇಷನರೀಸ್’. ಇಪ್ಪತ್ತೆರಡು ವರ್ಷದಿಂದ ಹಾಗೇ ಇದೆ, ಎದುರಿಗಿನ ಸ್ಕೂಲಿನ ಇಂಗ್ಲಿಷ್ ಟೀಚರ್‌ಗಳು ದಿನಾ ಬಂದು ರೆಡ್ ಇಂಕ್ ಪೆನ್ನು ತಗೊಂಡು ಹೋಗುತ್ತಾರೆ, ಒಬ್ಬರೂ ಹೇಳಲಿಲ್ಲ! ಮೇಷ್ಟ್ರೇ, ಆ ಎಸ್ ಸರಿ ಇದೆಯಾ, ಅದೂ ತಪ್ಪಾ?

ನಿವೃತ್ತ ಮೇಷ್ಟ್ರು
ಅದೂ ತಪ್ಪು, ಬೇಜಾರಾಗಬೇಡಿ. ಫರ್ನಿಚರ್, ಲಗೇಜ್ ಇದ್ದ ಹಾಗೆ ಇದೂ ಲೆಕ್ಕಕ್ಕೆ ಸಿಗದ ಪದ, ಇಂಗ್ಲಿಷಿನಲ್ಲಿ ಇದಕ್ಕೆ ಬಹುವಚನ ಇಲ್ಲ. ನಾವು ಸಾಮಾನುಗಳು ಅಂತ ಹೇಳಿ ಅಭ್ಯಾಸ, ಅದಕ್ಕೇ ಎಸ್ ಸೇರಿಸಿಬಿಡುತ್ತೇವೆ. ಬೇಕಾದರೆ ಸ್ಟೇಷನರಿ ಐಟಮ್ಸ್ ಅನ್ನಬಹುದು. ಎಸ್ ತೆಗೆಸಿದರೆ ಪೇಂಟರಿಗೆ ಒಂದು ಅಕ್ಷರದ ಕೂಲಿ ಉಳಿಯುತ್ತದೆ ಅಂದುಕೊಳ್ಳಿ.

ದಾರಿಹೋಕ
ಇಷ್ಟೆಲ್ಲ ಯಾಕೆ ಸ್ವಾಮಿ? ನಮ್ಮ ಮೇಷ್ಟ್ರು ಹೇಳಿದ್ದು, ರೈಲ್ವೆ ಸ್ಟೇಷನ್‌ನಲ್ಲಿ ಪೇಪರ್, ಪುಸ್ತಕ, ಪೆನ್ನು ಮಾರುತ್ತಿದ್ದರು, ಹಿಗಿನ್‌ಬಾಥಮ್ಸ್ ಥರದ ಮಳಿಗೆಗಳು ಪ್ಲಾಟ್‌ಫಾರಂ ಮೇಲೆ ಇರುತ್ತಿದ್ದವಲ್ಲ, ಅದಕ್ಕೇ ಸ್ಟೇಷನರಿ ಅನ್ನೋ ಹೆಸರು ಬಂತು ಅಂತ. ರೈಲು ಸ್ಟೇಷನ್‌ನಲ್ಲಿ ನಿಲ್ಲುತ್ತದೆ, ಅದಕ್ಕೆ ನಿಂತಿದ್ದಕ್ಕೂ ಸ್ಟೇಷನರಿ. ಎರಡೂ ಅರ್ಥ ಬಂತಲ್ಲ, ಲೆಕ್ಕ ಸರಿ ಹೋಯಿತು.

ಥೇಮ್ಸ್ ದಂಡೆಯಿಂದ
ದಾರಿಹೋಕರೇ, ಕೇಳೋದಕ್ಕೆ ಚೆನ್ನಾಗಿದೆ, ಆದರೆ ರೈಲು ತುಂಬಾ ಲೇಟಾಗಿ ಬಂದಿದೆ. ಇಂಗ್ಲೆಂಡಿನಲ್ಲಿ ಸ್ಟಾಕ್ಟನ್‌ನಿಂದ ಡಾರ್ಲಿಂಗ್ಟನ್‌ಗೆ ರೈಲು ಹಳಿ ಶುರುವಾದದ್ದು 1825ರಲ್ಲಿ. ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಇಲ್ಲಿ ಲಂಡನ್‌ನಲ್ಲಿ ಸ್ಟೇಷನರ್‌ಗಳ ಸಂಘ ಶುರುವಾದದ್ದು 1403ರಲ್ಲಿ! ರೈಲಿಗಿಂತ ನಾನೂರು ವರ್ಷ ಹಿಂದೆ. ಆ ಸಂಘ ಈಗಲೂ ಇದೆ. ಸೇಂಟ್ ಪಾಲ್ಸ್ ಚರ್ಚಿನ ಹತ್ತಿರ ಅವರ ಹಾಲ್ ಇದೆ, ನಾನು ಕೆಲಸಕ್ಕೆ ಹೋಗೋ ದಾರಿಯಲ್ಲೇ ಸಿಗುತ್ತದೆ. ಅವರ ಹಳೆಯ ಹಾಲ್ 1666ರ ದೊಡ್ಡ ಬೆಂಕಿಯಲ್ಲಿ ಸುಟ್ಟುಹೋಯಿತು, ಈಗಿರೋದು ಆಮೇಲೆ ಕಟ್ಟಿದ್ದು. ಬಾಗಿಲ ಹತ್ತಿರ ಹೆಸರು ಓದಿ ಇದೇನಪ್ಪಾ ನೋಟ್‌ಬುಕ್ ಮಾರುವವರಿಗೆ ಇಷ್ಟು ದೊಡ್ಡ ಅರಮನೆಯಾ ಅಂತ ಆಶ್ಚರ್ಯ ಆಗಿ ಓದಿಕೊಂಡದ್ದು ಇದು.

ಸ್ಟೇಷನ್ ಅನ್ನೋ ಪದಕ್ಕೆ ಮೂಲ ಲ್ಯಾಟಿನ್ನಿನ ‘ಸ್ಟಾತಿಯೋ’, ಅಂದರೆ ನಿಲ್ಲುವ ಜಾಗ. ಹಳೇ ಕಾಲದಲ್ಲಿ ಯುರೋಪಿನಲ್ಲಿ ಜಾಸ್ತಿ ವ್ಯಾಪಾರಿಗಳು ಸರಕು ಹೊತ್ತುಕೊಂಡು ಊರೂರು ತಿರುಗುತ್ತಿದ್ದರು. ಪುಸ್ತಕ ಮಾರುವವನು ಹಾಗೆ ತಿರುಗಲು ಆಗುತ್ತಿರಲಿಲ್ಲ. ಪುಸ್ತಕ ಅಂದರೆ ಆಗ ಕೈಯಲ್ಲಿ ಬರೆದದ್ದು, ಚರ್ಮದ ಹಾಳೆ, ಭಾರ, ಬೆಲೆ ವಿಪರೀತ. ಗಿರಾಕಿಗಳು ಯಾರು? ಓದುವವರು. ಅವರು ಇರೋದು ವಿಶ್ವವಿದ್ಯಾಲಯದಲ್ಲಿ. ಅದಕ್ಕೇ ಇವನು ಬೊಲೋನ್ಯಾ, ಪ್ಯಾರಿಸ್, ಆಕ್ಸ್‌ಫರ್ಡ್ ಥರದ ಊರುಗಳಲ್ಲಿ ವಿಶ್ವವಿದ್ಯಾಲಯದ ಪಕ್ಕದಲ್ಲೇ ಒಂದು ಕಡೆ ಅಂಗಡಿ ಹಾಕಿಕೊಂಡು ಕೂತ. ಲ್ಯಾಟಿನ್ನಿನಲ್ಲಿ ಅವನಿಗೆ ‘ಸ್ಟಾತಿಯೊನಾರಿಯುಸ್’ ಅಂತ ಹೆಸರಾಯಿತು. ಅಂದರೆ ಒಂದು ಕಡೆ ನಿಂತ ವ್ಯಾಪಾರಿ. ಅದೇ ಇಂಗ್ಲಿಷಿಗೆ ಬಂದು ಸ್ಟೇಷನರ್.

ಅವನು ಮಾಡುತ್ತಿದ್ದ ಕೆಲಸ ಕೇಳಿದರೆ ನಮ್ಮ ಅಂಗಡಿ ಅಣ್ಣನಿಗೆ ಖುಷಿ ಆಗುತ್ತದೆ. ಒಂದು ಪಠ್ಯವನ್ನು ಬಿಡಿ ಬಿಡಿ ಭಾಗ ಮಾಡಿ ಇಟ್ಟುಕೊಂಡು, ಒಂದೊಂದು ಭಾಗವನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತಿದ್ದ. ಅವರು ನಕಲು ಮಾಡಿಕೊಂಡು ವಾಪಸ್ ತಂದುಕೊಟ್ಟು ಮುಂದಿನ ಭಾಗ ತಗೊಂಡು ಹೋಗೋದು. ಹೀಗೆ ಒಂದೇ ಪುಸ್ತಕ ಒಂದೇ ಸಲಕ್ಕೆ ಹತ್ತಾರು ಜನ ನಕಲು ಮಾಡಬಹುದಿತ್ತು. ಇದು 13ನೇ ಶತಮಾನದ ಮಾತು. ಕಾಲೇಜಿನ ಎದುರಿಗೆ ನೋಟ್ಸ್ ಜೆರಾಕ್ಸ್ ಮಾಡಿಕೊಡೋ ಅಂಗಡಿ ಅನ್ನಿ, ಮೆಷಿನ್ ಒಂದಿಲ್ಲ ಅಷ್ಟೇ.

ಅಚ್ಚಿನ ಯಂತ್ರ ಬಂದ ಮೇಲೆ ಲಂಡನ್ನಿನ ಈ ಸಂಘದ ಕೈ ಮೇಲಾಯಿತು. 1557ರಲ್ಲಿ ರಾಣಿಯಿಂದ ಸನ್ನದು ಸಿಕ್ಕಿ, ಹೆಚ್ಚುಕಮ್ಮಿ ಇಡೀ ಇಂಗ್ಲೆಂಡಿನ ಅಚ್ಚಿನ ಕೆಲಸವೇ ಇವರ ಹಿಡಿತಕ್ಕೆ ಬಂತು. ಯಾವ ಪುಸ್ತಕ ಯಾರು ಅಚ್ಚು ಹಾಕಬೇಕು ಅಂತ ಇವರ ದಫ್ತರದಲ್ಲಿ ಬರೆಸಬೇಕಿತ್ತು. 1710ರಲ್ಲಿ ಬಂದ ಕಾಯಿದೆ ಬರೆದವನಿಗೂ ಹಕ್ಕು ಕೊಟ್ಟಿತು. ಈಗ ಕಾಪಿರೈಟ್ ಅಂತೀವಲ್ಲ, ಅದರ ಬೇರು ಅಲ್ಲಿದೆ. ಬರಬರುತ್ತಾ ಪುಸ್ತಕ ಮಾರುವವನು ಬುಕ್‌ಸೆಲ್ಲರ್ ಆದ, ಪಬ್ಲಿಷರ್ ಬೇರೆಯಾದ, ಸ್ಟೇಷನರ್ ಹತ್ತಿರ ಉಳಿದದ್ದು ಬರೀ ಕಾಗದ, ಮಸಿ, ಲೇಖನಿ. ಅವನು ಮಾರುವ ಸರಕಿಗೆ ಸ್ಟೇಷನರಿ ಅನ್ನೋ ಹೆಸರು 18ನೇ ಶತಮಾನದ ಹೊತ್ತಿಗೆ ಬಳಕೆಗೆ ಬಂತು. 1786ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಕಚೇರಿಗಳಿಗೆ ಕಾಗದ ಪತ್ರ ಒದಗಿಸಲು ಸ್ಟೇಷನರಿ ಆಫೀಸ್ ಅಂತಲೇ ಒಂದನ್ನು ತೆರೆಯಿತು.

ಹಾಗಾಗಿ ಸ್ಕೂಟರ್ ಸವಾರರೇ, ಎರಡೂ ಒಂದೇ ಬೇರಿನ ಪದಗಳು. ಮೂಲದಲ್ಲಿ ಪೆನ್ನು ಕಾಗದಕ್ಕೂ ಆ ಹೆಸರಿಗೂ ಏನೂ ಸಂಬಂಧ ಇಲ್ಲ. ಅಂಗಡಿಯವನು ಅಲೆಯದೆ ಒಂದು ಕಡೆ ನಿಂತ, ಅದಕ್ಕೆ ಆ ಹೆಸರು. ನಿಮ್ಮ ಸ್ಕೂಟರೂ ನಿಂತಿತ್ತು, ಅದಕ್ಕೂ ಅದೇ ಹೆಸರು.

ದಾರಿಹೋಕ
ಸೋತೆ. ನಮ್ಮ ಮೇಷ್ಟ್ರು ಈಗ ಇಲ್ಲ, ಇದ್ದಿದ್ದರೆ ಹೋಗಿ ಹೇಳುತ್ತಿದ್ದೆ. ಆದರೂ ಪೂರ್ತಿ ತಪ್ಪಲ್ಲ ಅಲ್ವಾ, ಸ್ಟೇಷನ್ ಅನ್ನೋ ಪದಕ್ಕೆ ನಂಟು ಇದೆಯಲ್ಲ?

ಥೇಮ್ಸ್ ದಂಡೆಯಿಂದ
ನಂಟು ಇದೆ. ರೈಲ್ವೆ ಸ್ಟೇಷನ್ನು, ಪೊಲೀಸ್ ಸ್ಟೇಷನ್ನು, ಸ್ಟೇಷನರಿ ಅಂಗಡಿ, ಮೂರೂ ದಾಯಾದಿಗಳು. ನಿಮ್ಮ ಮೇಷ್ಟ್ರು ಯಾರು ಅಪ್ಪ ಯಾರು ಮಗ ಅನ್ನೋದನ್ನು ಅದಲು ಬದಲು ಮಾಡಿದ್ದಾರೆ ಅಷ್ಟೇ.

ನಿವೃತ್ತ ಮೇಷ್ಟ್ರು
ಲಂಡನ್ನಿನ ತಮ್ಮ ಹೇಳಿದ್ದು ಕೇಳಿ ನನಗೆ ನಮ್ಮೂರು ನೆನಪಾಯಿತು. ನಾನು ಹುಡುಗನಾಗಿದ್ದಾಗ ಬಳೆಗಾರ ಮಲಾರ ಹೊತ್ತು ಮನೆ ಬಾಗಿಲಿಗೆ ಬರುತ್ತಿದ್ದ. ಪಾತ್ರೆಯವನು ಬರುತ್ತಿದ್ದ, ಸೀರೆ ಗಂಟಿನವನು ಬರುತ್ತಿದ್ದ. ಸ್ಲೇಟು ಬಳಪ ಬೇಕು ಅಂದರೆ ಮಾತ್ರ ನಾವೇ ಪೇಟೆಗೆ ನಡೆದು ಹೋಗಬೇಕಿತ್ತು. ಬಳಪ ಮಾರುವವನು ಯಾವತ್ತೂ ಮನೆ ಹತ್ತಿರ ಬರಲಿಲ್ಲ. ಅವನು ಕೂತ ಕಡೆ ಕೂತೇ ಇದ್ದ!

ನಮ್ಮಲ್ಲಿ ಸ್ಥಾವರ, ಜಂಗಮ ಅನ್ನುವ ಜೋಡಿ ಇದೆಯಲ್ಲ. ನಿಂತದ್ದು ಸ್ಥಾವರ, ನಡೆಯುವುದು ಜಂಗಮ. ಬಳೆಗಾರ ಜಂಗಮ, ಸ್ಟೇಷನರ್ ಸ್ಥಾವರ. ಇದು ಬರೀ ಹೋಲಿಕೆ ಅಲ್ಲ, ರಕ್ತಸಂಬಂಧವೂ ಇದೆ. ಲ್ಯಾಟಿನ್ನಿನಲ್ಲಿ ನಿಲ್ಲು ಅನ್ನುವುದಕ್ಕೆ ಇರುವ ಧಾತುವೂ ಸಂಸ್ಕೃತದ ‘ಸ್ಥಾ’ ಧಾತುವೂ ಒಂದೇ ಮೂಲದವು. ಸ್ಥಿರ, ಸ್ಥಾನ, ಸ್ಥಳ, ಸ್ಥಾವರ ಎಲ್ಲ ಆ ಕಡೆಯ ನೆಂಟರು. ಸ್ಥಿರಾಸ್ತಿ ಅಂತ ನೋಂದಣಿ ಕಚೇರಿಯಲ್ಲಿ ಬರೆಯುತ್ತಾರಲ್ಲ, ಅದರ ‘ಸ್ಥ’ ಮತ್ತು ಸ್ಟೇಷನರಿಯ ‘ಸ್ಟ’ ದೂರದ ಅಣ್ಣತಮ್ಮಂದಿರು. ಆದರೆ ನಿಲ್ದಾಣದ ‘ನಿಲ್’ ನಮ್ಮದೇ, ದ್ರಾವಿಡ. ಅದನ್ನು ಈ ನೆಂಟಸ್ತನಕ್ಕೆ ಎಳೆಯಬೇಡಿ. ಅರ್ಥ ಒಂದೇ, ಕುಲ ಬೇರೆ.

ಮಲ್ಲಿಗೆ ಬಳ್ಳಿ
ಸಿಕ್ಕಿತು! ಸ್ಥಾವರದ್ದು ಎ, ಬೇಕರಿಯದ್ದು ಇ. ಸ್ಥಾ ಅನ್ನೋವಾಗ ಬಾಯಲ್ಲಿ ಆ ಬರುತ್ತದೆ, ಇಂಗ್ಲಿಷಿನಲ್ಲಿ ಅದನ್ನು ಎ ಅಂತ ಬರೆಯೋದು ಅವಳಿಗೆ ಗೊತ್ತು, ಅವಳ ಹೆಸರಲ್ಲೇ ಇದೆ. ಇವತ್ತು ಸಂಜೆ ಪ್ರಯೋಗ.

ಕಡತ ಗುಮಾಸ್ತ
ಸರ್ಕಾರಿ ಕಚೇರಿಯ ಅನುಭವ ನಂದೊಂದು ಇರಲಿ. ನಮ್ಮಲ್ಲಿ ಕಾಗದ, ಫೈಲು, ಟ್ಯಾಗು, ಗುಂಡುಸೂಜಿ ಬೇಕು ಅಂದರೆ ಇಂಡೆಂಟ್ ಹಾಕಬೇಕು. ಇಲ್ಲದಿದ್ದರೆ ಸಾದಿಲ್ವಾರಿನಲ್ಲಿ, ಅಂದರೆ ಕಚೇರಿಯ ಚಿಲ್ಲರೆ ಖರ್ಚಿನ ಲೆಕ್ಕದಲ್ಲಿ, ತಗೊಂಡು ಬಿಲ್ ಇಡಬೇಕು. ಒಂದು ಸಲ ನಾನು ಇಂಡೆಂಟಿನಲ್ಲಿ ಎ ಹಾಕಿ ಬರೆದೆ. ಮೇಲಿನವರು ಕೆಂಪು ಇಂಕಿನಲ್ಲಿ ಆ ಅಕ್ಷರಕ್ಕೆ ಸುತ್ತು ಹಾಕಿ ‘ಚರ್ಚಿಸಿ’ ಅಂತ ಬರೆದು ಫೈಲ್ ವಾಪಸ್ ಕಳಿಸಿದರು. ಒಂದು ಅಕ್ಷರಕ್ಕೆ ಚರ್ಚೆ! ಫೈಲು ಇಳಿದು ಮತ್ತೆ ಹತ್ತೋದಕ್ಕೆ ಹನ್ನೊಂದು ದಿನ, ಅಲ್ಲಿಯವರೆಗೆ ಸೆಕ್ಷನ್‌ನಲ್ಲಿ ಎ4 ಹಾಳೆ ಇಲ್ಲ. ಆ ಹನ್ನೊಂದು ದಿನ ನಮ್ಮ ಫೈಲುಗಳು ನಿಜವಾಗಿಯೂ ಎ ಇರೋ ಸ್ಟೇಷನರಿ ಆಗಿದ್ದವು.

ಇದಾದ ಮೇಲೆ ನಾನು ಕನ್ನಡದಲ್ಲೇ ಲೇಖನ ಸಾಮಗ್ರಿ ಅಂತ ಬರೆಯುತ್ತೇನೆ. ಇಲಾಖೆಯ ಹೆಸರೇ ಮುದ್ರಣ, ಲೇಖನ ಸಾಮಗ್ರಿ ಮತ್ತು ಪ್ರಕಟಣೆಗಳ ಇಲಾಖೆ ಅಂತ ಇದೆ. ಯಾವ ಅಕ್ಷರದ ತಂಟೆಯೂ ಇಲ್ಲ.

ಹಾಸನದ ಹುಡುಗಿ
ಎ ಇರೋ ಸ್ಟೇಷನರಿ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಪಾಪ. ನಮ್ಮೂರಿನ ಕಡೆಯಿಂದ ನಾನು ಮಾತಾಡುತ್ತೇನೆ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ. ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳೋದು ಅಲ್ಲಿಂದ. ಅವು ಜಿಯೋಸ್ಟೇಷನರಿ ಉಪಗ್ರಹಗಳು, ಕನ್ನಡದಲ್ಲಿ ಭೂಸ್ಥಿರ ಅಂತಾರೆ. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಭೂಮಿ ತಿರುಗುವ ವೇಗಕ್ಕೇ ಸರಿಯಾಗಿ ಸುತ್ತುತ್ತವೆ. ಅದಕ್ಕೇ ನೆಲದಿಂದ ನೋಡಿದರೆ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ. ಟೆರೇಸ್ ಮೇಲಿನ ಟೀವಿ ಡಿಶ್ ಅನ್ನು ಒಂದು ಸಲ ತಿರುಗಿಸಿ ಬಿಗಿ ಮಾಡಿದರೆ ಮುಗೀತು, ದಿನಾ ತಿರುಗಿಸಬೇಕಾಗಿಲ್ಲ. (ಮಂಗ ಬಂದು ಅಲ್ಲಾಡಿಸಿದರೆ ಅದು ಬೇರೆ ವಿಷಯ.)

ತಮಾಷೆ ಏನಂದ್ರೆ ಆ ಉಪಗ್ರಹ ಸೆಕೆಂಡಿಗೆ ಸುಮಾರು ಮೂರು ಕಿಲೋಮೀಟರ್ ವೇಗದಲ್ಲಿ ಓಡುತ್ತಾ ಇರುತ್ತದೆ. ಆದರೂ ಹೆಸರು ನಿಂತದ್ದು ಅಂತ. ಅಂದರೆ ಈ ಪದ ಬಳಸೋವಾಗ ಯಾರಿಗೆ ನಿಂತ ಹಾಗೆ ಕಾಣುತ್ತದೆ ಅನ್ನೋದು ಮುಖ್ಯ. ಇಂಗ್ಲಿಷಿನಲ್ಲಿ ಈ ಪದ ಮೊದಮೊದಲು ಬಳಕೆಯಾದದ್ದೇ ಗ್ರಹಗಳಿಗೆ. ಪಂಚಾಂಗದಲ್ಲಿ ಶನಿ ವಕ್ರ, ಗುರು ವಕ್ರ ಅಂತ ಬರೆದಿರುತ್ತಾರಲ್ಲ, ಹಾಗೆ ಗ್ರಹ ಹಿಂದಕ್ಕೆ ತಿರುಗೋ ಮುಂಚೆ ಒಂದಷ್ಟು ದಿನ ನಿಂತುಬಿಟ್ಟ ಹಾಗೆ ಕಾಣುತ್ತದೆ, ಅದಕ್ಕೆ ಸ್ಟೇಷನರಿ ಅಂದರು. ಗ್ರಹ ನಿಂತಿರಲ್ಲ, ನಮ್ಮ ಕಣ್ಣಿಗೆ ಹಾಗೆ ಅಷ್ಟೇ. ಪಿಯುಸಿ ಫಿಸಿಕ್ಸ್‌ನಲ್ಲಿ ಸ್ಟೇಷನರಿ ವೇವ್ ಬರುತ್ತಲ್ಲ, ಅದೂ ಹೀಗೆಯೇ. ವೀಣೆಯ ತಂತಿ ಮೀಟಿದರೆ ತಂತಿ ನಡುಗುತ್ತಾ ಇರುತ್ತದೆ, ಆ ಕಡೆ ಹೋಗೋ ಅಲೆ ಈ ಕಡೆ ಬರೋ ಅಲೆ ಸೇರಿ, ಆಕಾರ ಮಾತ್ರ ಇದ್ದ ಕಡೆ ಇರುತ್ತದೆ.

ಕೋಡ್ ಕುಟ್ಟುವವ
ಸೂಪರ್. ನಮ್ಮ ಡೇಟಾ ಕೆಲಸದಲ್ಲೂ ಇದು ದಿನಾ ಬರೋ ಪದ. ಮಾರಾಟದ ಲೆಕ್ಕ, ಕರೆಂಟ್ ಬಳಕೆ ಈ ಥರ ಕಾಲಕಾಲಕ್ಕೆ ಬರೋ ಅಂಕಿಗಳ ಸರಾಸರಿ, ಏರಿಳಿತ ಕಾಲದ ಜೊತೆ ಬದಲಾಗದೆ ಇದ್ದರೆ ಅದು ಸ್ಟೇಷನರಿ, ಎ ಹಾಕಬೇಕು. ಅಂಕಿ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ, ಕುಣಿಯೋ ರೀತಿ ಬದಲಾಗಲ್ಲ. ನಾನು ಒಂದು ಸಲ ಪ್ರೆಸೆಂಟೇಶನ್ನಿನಲ್ಲಿ ಇಡೀ 14 ಸ್ಲೈಡ್ ಇ ಹಾಕಿದ್ದೆ. ಕ್ಲೈಂಟ್ ಕಡೆಯವನು ಕೊನೆಗೆ, ನಿಮ್ಮ ಡೇಟಾಗೆ ಪೆನ್ಸಿಲ್ ಕಳಿಸಬೇಕಾ ಅಂತ ಕೇಳಿದ. ಮ್ಯೂಟ್ ಮಾಡಿಕೊಂಡು ನಮ್ಮ ಟೀಮ್‌ನವರೇ ಜಾಸ್ತಿ ನಕ್ಕರು.

ಅಮೆರಿಕಕ್ಕೆ ಹೋದಾಗ ಇನ್ನೊಂದು ಗೊತ್ತಾಯಿತು. ಅಂಗಡಿಯಲ್ಲಿ ಸ್ಟೇಷನರಿ ಎಲ್ಲಿದೆ ಅಂತ ಕೇಳಿದೆ, ಪೆನ್ನು ಬೇಕಿತ್ತು. ಅವರು ನನ್ನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಗ್ರೀಟಿಂಗ್ ಕಾರ್ಡು, ಬಣ್ಣದ ಲೆಟರ್ ಪೇಪರು, ಅದಕ್ಕೆ ಹೊಂದೋ ಕವರು ಇರೋ ಕಡೆ. ಅಲ್ಲಿ ಸ್ಟೇಷನರಿ ಅಂದರೆ ಜಾಸ್ತಿಯಾಗಿ ಕಾಗದ ಬರೆಯೋ ಹಾಳೆ. ಪೆನ್ನು, ಸ್ಟೇಪ್ಲರ್ ಬೇಕು ಅಂದರೆ ಆಫೀಸ್ ಸಪ್ಲೈಸ್, ಸ್ಕೂಲ್ ಸಪ್ಲೈಸ್ ಅಂತ ಕೇಳಬೇಕು. ಅವರು ಹೇಳೋದು ಕೂಡ ಸ್ಟೇಷನೆರಿ ಅಂತ, ನಡುವೆ ಎಳೆದು. ಎರಡೂ ಪದಕ್ಕೆ ಹಾಗೇ ಎಳೆಯುತ್ತಾರೆ, ಹಾಗಾಗಿ ಕೇಳಿ ಕಂಡುಹಿಡಿಯೋ ಆಸೆ ಬಿಟ್ಟುಬಿಡಿ.

ಕಡತ ಗುಮಾಸ್ತ
ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಾಲದಲ್ಲಿ ಎರಡೂ ಬದಿ ತೂತು ಇರೋ ಉದ್ದದ ಕಾಗದ ಬರುತ್ತಿತ್ತಲ್ಲ, ಅದಕ್ಕೆ ಕಂಟಿನ್ಯುಯಸ್ ಸ್ಟೇಷನರಿ ಅಂತ ಹೆಸರು. ಬಿಲ್ ರಿಜಿಸ್ಟರಿನಲ್ಲಿ ಈಗಲೂ ಹಾಗೇ ಬರೆಯುತ್ತೇವೆ. ನಿಲ್ಲದೆ ಓಡೋ ಸ್ಟೇಷನರಿ!

ಧಾರವಾಡ ಪೇಢೆ
ಏನ್ರೀ ಇದು, ಒಂದು ಅಕ್ಷರಕ್ಕೆ ಇಷ್ಟು ಗದ್ದಲ. ಇಂಗ್ಲಿಷ್ ಭಾಷೆನೇ ಹಿಂಗ. ಬರೆಯೋದು ಒಂದು, ಓದೋದು ಒಂದು. ನಮ್ಮ ಕನ್ನಡ ನೋಡ್ರಿ, ಅಂದಂಗ ಬರೀತೀವಿ, ಬರೆದಂಗ ಅಂತೀವಿ. ಇಂಥ ತಕರಾರು ನಮ್ಮಲ್ಲಿ ಇಲ್ಲ.

ಮಲ್ಲಿಗೆ ಬಳ್ಳಿ
ಇಲ್ಲ ಅಂತೀರಾ ಪೇಢೆಯವರೇ? ದನ, ಧನ. ಮಗಳ ಸ್ಕೂಲಿಂದ ಬಂದ ಚೀಟಿಯಲ್ಲಿ ‘ದನಸಹಾಯ ಮಾಡಿ’ ಅಂತ ಇತ್ತು. ನಮ್ಮ ಅತ್ತೆ ಓದಿ, ‘ಹಸು ಕೊಡಬೇಕಾ, ಎಮ್ಮೆ ಆದರೂ ಆಗುತ್ತದಾ?’ ಅಂದರು. ಮಾತಾಡೋವಾಗ ನಾವು ಎಷ್ಟು ಜನ ಒತ್ತಿ ಧನ ಅನ್ನುತ್ತೇವೆ ಹೇಳಿ? ಕಿವಿಗೆ ಎರಡೂ ಒಂದೇ.

ಅಂಗಡಿ ಅಣ್ಣ
ನಮ್ಮ ಬೀದಿಯಲ್ಲೇ ‘ಮಧ್ಯದ ಅಂಗಡಿ’ ಅಂತ ಬೋರ್ಡ್ ಇದೆ ಸ್ವಾಮಿ. ಅದು ಬೀದಿಯ ಕೊನೆಯಲ್ಲಿದೆ, ಮಧ್ಯದಲ್ಲಿಲ್ಲ. ಕುಡಿಯೋದಕ್ಕೆ ಹೋಗುವವರಿಗೆ ಹೊಟ್ಟೆ ಸೀಳಿದೆಯೋ ಇಲ್ಲವೋ ಗೊತ್ತಾಗಲ್ಲ ಬಿಡಿ.

ಧಾರವಾಡ ಪೇಢೆ
ಆಯ್ತಪ್ಪಾ, ಒಪ್ಪಿದೆ. ಆದರ ಒಂದು ವ್ಯತ್ಯಾಸ ಐತಿ. ಮದ್ಯ ಮಧ್ಯ ಬಾಯಿ ಬಿಟ್ಟು ಸರಿಯಾಗಿ ಅಂದರ ಬೇರೆ ಕೇಳಿಸ್ತದ. ಈ ಎರಡು ಸ್ಟೇಷನರಿ ರಾಜನ ಬಾಯಲ್ಲಿ ಕೇಳಿದರೂ ಒಂದೇ.

ನಿವೃತ್ತ ಮೇಷ್ಟ್ರು
ಪೇಢೆಯವರ ಈ ಮಾತು ನೂರಕ್ಕೆ ನೂರು ಸರಿ. ನಮ್ಮ ತಪ್ಪು ನಾಲಿಗೆಯ ಸೋಮಾರಿತನದ್ದು, ಅವರದ್ದು ಇತಿಹಾಸದ್ದು.

ಸ್ಕೂಟರ್ ಸವಾರ
ಅಬ್ಬಾ, ಒಂದು ಮಡ್‌ಗಾರ್ಡ್ ಒಡೆದದ್ದಕ್ಕೆ ಬೊಲೋನ್ಯಾದಿಂದ ಹಾಸನದವರೆಗೆ ಸುತ್ತಿಸಿದಿರಿ. ಫಾರಂ ತಿದ್ದಿ ಕೊಟ್ಟು ಬಂದೆ. ಎ ಹಾಕಿದೆ, ಆ ಹುಡುಗಿ ಓದಿ ಗುಡ್ ಅಂದಳು. ಇವತ್ತು ಕಂಪನಿಯಿಂದ ಮೇಲ್ ಬಂತು, ಸರ್ವೇಯರ್ ಕಳಿಸಿದ್ದು. ನಿಮ್ಮ ಸ್ಟೇಷನರಿ ವಾಹನಕ್ಕೆ ಆದ ಹಾನಿಯ ಫೋಟೋ ಇನ್ನೊಮ್ಮೆ ಕಳಿಸಿ ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಇ ಹಾಕಿದ್ದಾರೆ! ಮರುಮಾತಾಡದೆ ಫೋಟೋ ಕಳಿಸಿದೆ. ದುಡ್ಡು ಬರೋವರೆಗೆ ನಾನು ಯಾರ ಕಾಗುಣಿತವನ್ನೂ ತಿದ್ದಲ್ಲ.

ಮಲ್ಲಿಗೆ ಬಳ್ಳಿ
ಪ್ರಯೋಗದ ಫಲಿತಾಂಶ: ಬೇಕರಿ, ಜ್ಯುವೆಲರಿ, ಸ್ಟೇಷನರಿ ಮೂರೂ ಸರಿಯಾಗಿ ಬರೆದಳು. ಆಮೇಲೆ ವೈ ತೆಗೆದು ನೋಡೋ ಆಟವನ್ನು ಕಂಡ ಕಂಡ ಪದಕ್ಕೆಲ್ಲ ಹಚ್ಚಿ, ‘ಬ್ಯಾಟರಿ ಅಂದ್ರೆ ಬ್ಯಾಟರ್ ಮಾರೋದಾ ಅಮ್ಮಾ?’ ಅಂತ ಕೇಳಿದಳು. ಕ್ರಿಕೆಟ್ ನೋಡುತ್ತಿದ್ದ ಅವರಪ್ಪನ ಕಡೆ ಕೈ ತೋರಿಸಿದೆ. ಮೇಷ್ಟ್ರೇ, ಇದಕ್ಕೆ ಉತ್ತರ ನೀವೇ ಕೊಡಬೇಕು. ಬನ್ನು ಎರಡು ತಿಂದಳು.

ನಿವೃತ್ತ ಮೇಷ್ಟ್ರು
ಬ್ಯಾಟರಿಗೆ ಮೂಲ ಹೊಡೆಯುವುದು, ಬಡಿಯುವುದು ಅನ್ನುವ ಅರ್ಥದ ಹಳೆಯ ಫ್ರೆಂಚ್ ಪದ. ಕ್ರಿಕೆಟ್ಟಿನ ಬ್ಯಾಟಿಗೂ ಅದಕ್ಕೂ ಹೋಲಿಕೆ ಕಂಡರೆ ಅವಳ ತಪ್ಪಲ್ಲ. ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಬ್ಯಾಟರಿ ಅನ್ನುತ್ತಿದ್ದರು, ಸಾಲಾಗಿ ಜೋಡಿಸಿದ ವಿದ್ಯುತ್ ಜಾಡಿಗಳಿಗೆ ಬೆಂಜಮಿನ್ ಫ್ರಾಂಕ್ಲಿನ್ ಅದೇ ಹೆಸರು ಬಳಸಿದ. ಮಗುವಿಗೆ ಇದನ್ನು ಬನ್ನು ಕೊಡಿಸಿ ಹೇಳಬೇಡಿ, ಹಲ್ಲು ಹಾಳಾದೀತು.

ಅಂಗಡಿ ಅಣ್ಣ
ಇವತ್ತು ಪೇಂಟರ್‌ನ ಕರೆಸಿದೆ. ಒಂದು ಅಕ್ಷರ ತಿದ್ದಬೇಕು, ಒಂದು ಅಕ್ಷರ ಅಳಿಸಬೇಕು ಅಂದೆ. ಏಣಿ ಹತ್ತಿ ನೋಡಿದ, ಎ ಅಕ್ಷರದ ಮೇಲೆ ಬೆರಳಾಡಿಸಿದ. ‘ಇದು ನಾನೇ ಬರೆದದ್ದು ಅಣ್ಣ, ಆಗ ನೀವು ಚೀಟಿಯಲ್ಲಿ ಬರೆದುಕೊಟ್ಟ ಹಾಗೇ ಬರೆದೆ’ ಅಂದ. ಆಮೇಲೆ ಅಲ್ಲೇ ಏಣಿ ಮೇಲಿಂದ ಕೇಳಿದ, ‘ಎ ಇದ್ದದ್ದಕ್ಕೆ ವ್ಯಾಪಾರ ಏನಾದ್ರೂ ಕಮ್ಮಿ ಆಗಿತ್ತಾ?’